ಹಗೇವಿನಲ್ಲಿ ದೀಪ ಉರಿದರೆ ಒಳಗಿಳಿದು ಮೀನಿನ ತೊಟ್ಟಿ ಇಡಬಹುದೇ?

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ಹಳೆಯ ಮನೆಗಳಲ್ಲಿ ಜೋಳ ತುಂಬಿಡುತ್ತಿದ್ದ ಹಗೇವುಗಳು, ನೆಲಮಾಳಿಗೆಗಳು ಈಗ ಖಾಲಿ ಇರುವುದುಂಟು. ಅಲ್ಲಿ ತಂಪಿರುತ್ತದೆ, ಅಕ್ವೇರಿಯಂಗೆ ಒಳ್ಳೆಯದು, ದೀಪ ಇಳಿಬಿಟ್ಟಾಗ ಆರದಿದ್ದರೆ ಧೈರ್ಯವಾಗಿ ಇಳಿಯಿರಿ ಎಂಬ ಮಾತಿದೆ. ಇದು ನಿಜವೇ? ನಾವು ನೋಡೋಣ.

ತಂಪು ನಿಜವೇ?
ಹೌದು. ನೆಲದೊಳಗೆ ಉಷ್ಣಾಂಶ ಹೆಚ್ಚು ಏರಿಳಿಯುವುದಿಲ್ಲ. ಮೀನಿಗೆ ಅದು ಹಿತ.

ದೀಪದ ಪರೀಕ್ಷೆ ಸಾಕೇ?
ಸಾಲದು. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡುವುದರಿಂದ ಆಮ್ಲಜನಕ ಇಳಿದು, ಇಂಗಾಲದ ಡೈಆಕ್ಸೈಡ್ ಏರುತ್ತದೆ. ಹುಳುಗಳು ಸಾಯುವುದೂ ಇದರಿಂದಲೇ. ಬರಿದಾದ ಹಗೇವಿನಲ್ಲೂ ಹಳೆಯ ಕಾಳು, ಹೊಟ್ಟು ಕೊಳೆತರೆ ಹೀಗೇ ಆಗುತ್ತದೆ. ಈ ಅನಿಲ ಗಾಳಿಗಿಂತ ಸುಮಾರು 1.5 ಪಟ್ಟು ಭಾರ, ತಳದಲ್ಲೇ ನಿಲ್ಲುತ್ತದೆ. ಇದರ ಪ್ರಮಾಣ ಶೇ. 10ರಷ್ಟಾದರೂ ದೀಪ ಉರಿಯುತ್ತಿರಬಹುದು, ಆದರೆ ಮನುಷ್ಯ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತಾನೆ.

ಏನು ಮಾಡಬೇಕು?
ಬಾಯಿ ತೆರೆದು, ಬ್ಲೋವರ್ ಪೈಪನ್ನು ತಳದವರೆಗೆ ಇಳಿಸಿ ಹೊಸ ಗಾಳಿ ತುಂಬಿಸಿ. ಗ್ಯಾಸ್ ಮೀಟರ್‌ನಿಂದ ಪರೀಕ್ಷೆ ಮಾಡಿಸಿ. ಒಬ್ಬರೇ ಇಳಿಯಬೇಡಿ. ಒಳಗೆ ಯಾರಾದರೂ ಕುಸಿದರೆ ಹಿಂದೆಯೇ ಧುಮುಕಬೇಡಿ. 112ಕ್ಕೆ ಕರೆ ಮಾಡಿ.

ಮೀನಿಗೂ ಗಾಳಿ ಬೇಕು
ಏರ್ ಪಂಪ್ ಆಮ್ಲಜನಕ ತಯಾರಿಸುವುದಿಲ್ಲ, ಕೋಣೆಯ ಗಾಳಿಯನ್ನೇ ನೀರಿಗೆ ಊದುತ್ತದೆ. ಕೋಣೆಯ ಗಾಳಿ ಕೆಟ್ಟರೆ ನೀರೂ ಕೆಡುತ್ತದೆ. ಹಾಗಾಗಿ ಮೆಟ್ಟಿಲು, ಗಾಳಿಕಿಂಡಿ, ಎಕ್ಸಾಸ್ಟ್ ಫ್ಯಾನ್ ಇರುವ ನೆಲಮಾಳಿಗೆಯನ್ನು ದುರಸ್ತಿ ಮಾಡಿ ಬಳಸಬಹುದು. ತೇವವಿರುವ ಜಾಗವಾದ್ದರಿಂದ ವಿದ್ಯುತ್ ಸಂಪರ್ಕಕ್ಕೆ ಆರ್‌ಸಿಸಿಬಿ ಹಾಕಿಸಿ. ಕಿರಿದಾದ ಬಾಯಿಯ ಹಗೇವು ಮಾತ್ರ ಬೇಡ.

ನಮ್ಮ ತೀರ್ಮಾನ
ತಂಪಿನ ಮಾತು ಸರಿ, ದೀಪವನ್ನು ನಂಬಿ ಇಳಿಯುವುದು ಅಪಾಯ. ಇಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಇದನ್ನೂ ಮನೆಯವರಿಗೆ ತಿಳಿಸಿ.