ಗಂಧದ ಚೇಗು, ಕೆರೆಯ ಬೆಂಡು: ಸೊರಬದ ಗುಡಿಗಾರರ ವಸ್ತುಜ್ಞಾನ

ಸೊರಬದ ಗುಡಿಗಾರರ ಮನೆಯಲ್ಲಿ ಒಂದೇ ಮಣೆಯ ಮೇಲೆ ಎರಡು ವಸ್ತುಗಳು ಅಕ್ಕಪಕ್ಕ ಕೂತಿರುತ್ತವೆ. ಒಂದು ಶ್ರೀಗಂಧದ ಚೇಗು. ಅಂಗೈಯಗಲದ ತುಂಡೂ ಕೈಗೆ ಭಾರವೆನಿಸುತ್ತದೆ, ನೀರಿಗಿಂತ ಸ್ವಲ್ಪವೇ ಹಗುರ. ಇನ್ನೊಂದು ಕೆರೆಯಿಂದ ಕಿತ್ತು ತಂದ ಬೆಂಡು. ಮೊಳದುದ್ದದ ದಂಟನ್ನು ಹಿಡಿದರೂ ಕೈಯಲ್ಲಿ ಏನೂ ಇಲ್ಲವೆಂಬ ಅನುಮಾನ ಬರುತ್ತದೆ. ಗಂಧದಿಂದ ಪೆಟ್ಟಿಗೆ, ವಿಗ್ರಹ. ಬೆಂಡಿನಿಂದ ಮದುವೆಯ ಬಾಸಿಂಗ, ಹಾರ. ಸಸ್ಯಲೋಕದ ಎರಡು ತುದಿಗಳಂತಿರುವ ಈ ಎರಡನ್ನೂ ಒಂದೇ ಮನೆತನದ ಕೈಗಳು ತಲೆಮಾರುಗಳಿಂದ ಪಳಗಿಸಿಕೊಂಡು ಬಂದಿವೆ. ನನ್ನನ್ನು ಸೊರಬಕ್ಕೆ ಎಳೆದದ್ದು ಈ ಜೋಡಿಯೇ, ಪ್ರದರ್ಶನದ ಗಾಜಿನ ಕಪಾಟಿನಲ್ಲಿ ಕಾಣುವ ಗಂಧದ ಆನೆಯಲ್ಲ.

ಈಗ ವಿಶ್ವವಿದ್ಯಾಲಯಗಳಲ್ಲಿ ಮೆಟೀರಿಯಲ್ ಸೈನ್ಸ್ ಸಮ್ಮೇಳನಗಳ ಕಾಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಿಂದ ಹಿಡಿದು ಜಿಲ್ಲಾ ಮಟ್ಟದ ಕಾಲೇಜುಗಳವರೆಗೆ ನ್ಯಾನೋ ಕಣ, ಗ್ರ್ಯಾಫೀನ್, ಬ್ಯಾಟರಿಯ ವಿದ್ಯುದ್ವಾರಗಳ ಪೋಸ್ಟರುಗಳು ಸಾಲುಗಟ್ಟಿ ನಿಲ್ಲುತ್ತವೆ. ಸೊರಬ, ಶಿಕಾರಿಪುರದ ಹುಡುಗರು ಎಂ.ಎಸ್ಸಿಗೆಂದು ಹೋಗುವ ಕುವೆಂಪು ವಿಶ್ವವಿದ್ಯಾಲಯ ಇದೇ ಶಿವಮೊಗ್ಗ ಜಿಲ್ಲೆಯ ಶಂಕರಘಟ್ಟದಲ್ಲಿದೆ, 1987ರಿಂದ. ಇಂಥ ಸಮ್ಮೇಳನಗಳಲ್ಲಿ ಮರವೂ ಈಚೆಗೆ ಮರಳಿ ಮರ್ಯಾದೆ ಗಳಿಸಿದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ತಂಡ ಮರವನ್ನು ಕ್ಷಾರದ ದ್ರಾವಣದಲ್ಲಿ ಕುದಿಸಿ, ಲಿಗ್ನಿನ್‌ನ ಒಂದು ಪಾಲನ್ನು ತೆಗೆದು, ಬಿಸಿಯಲ್ಲಿ ಅದುಮಿ, ಹತ್ತು ಪಟ್ಟಿಗೂ ಹೆಚ್ಚು ಗಟ್ಟಿ ಮಾಡಿ 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಅಂದಮೇಲೆ ಗುಡಿಗಾರರಿಗೂ ಅಲ್ಲೊಂದು ಮೇಜು ಹಾಕಬಾರದೇಕೆ? ಉದ್ಘಾಟನೆಯ ದಿನ ಗಂಧದ ಹಾರ ಹಾಕಿಸಿಕೊಳ್ಳುವುದಕ್ಕಲ್ಲ, ಮರದ ಬಗ್ಗೆ ಮಾತಾಡಿಸುವುದಕ್ಕೆ.

ಗುಡಿಗಾರರ ಹಿನ್ನೆಲೆಯನ್ನು ಹಿರಿಯರು ಹೇಳುವುದು ನಾಲ್ಕೇ ಮಾತಿನಲ್ಲಿ: ಗೋವೆಯ ಕಡೆಯವರು, ಪೋರ್ಚುಗೀಸರ ಕಾಟಕ್ಕೆ ಅಲ್ಲಿಂದ ಹೊರಟವರು, ಕರಾವಳಿಯಲ್ಲಿ ಕೆಲವರು ನಿಂತರು, ಉಳಿದವರು ಘಟ್ಟ ಹತ್ತಿದರು. ಹೊನ್ನಾವರ, ಕುಮಟಾ, ಶಿರಸಿ, ಸಿದ್ದಾಪುರ, ಸಾಗರ, ಸೊರಬ ಎಂದು ಊರುಗಳನ್ನು ಎಣಿಸಿದರೆ ಅವರು ಬಂದ ದಾರಿಯೇ ಕಣ್ಣೆದುರಿಗೆ ಬರುತ್ತದೆ. ಬಿ.ಎಲ್. ರೈಸ್ 1897ರ ಮೈಸೂರು ಗೆಜೆಟಿಯರಿನಲ್ಲಿ ಸಾಗರ ಮತ್ತು ಸೊರಬದ ಗುಡಿಗಾರರ ಗಂಧದ ಕೆತ್ತನೆಯನ್ನು ವಿವರವಾಗಿ ವರ್ಣಿಸಿದ್ದಾನೆ. 1909ರಲ್ಲಿ ಥರ್ಸ್ಟನ್ನನ ಜಾತಿ–ಬುಡಕಟ್ಟುಗಳ ಸಂಪುಟಗಳಲ್ಲೂ ಅವರಿಗೆ ಜಾಗ ಸಿಕ್ಕಿತು. ಇತಿಹಾಸ ಇಷ್ಟು ಸಾಕು. ಮರದ ಮಾತಿಗೆ ಬರೋಣ.

ಶ್ರೀಗಂಧ ಸ್ವಂತ ಅಡುಗೆಯನ್ನಷ್ಟೇ ನಂಬಿ ಬದುಕುವ ಮರವಲ್ಲ. ಎಲೆ ಹಸಿರಿದ್ದರೂ ಅದರ ಬೇರು ನೆರೆಯ ಗಿಡದ ಬೇರನ್ನು ಕಚ್ಚಿ ನೀರು, ಲವಣ ಹೀರುತ್ತದೆ. ಎಳೆಯ ಗಂಧದಲ್ಲಿ ಪರಿಮಳವಿಲ್ಲ. ಹೊರಗಿನ ಬಿಳಿ ಮರ ಎಷ್ಟು ದಪ್ಪವಿದ್ದರೂ ಅದಕ್ಕೆ ವಾಸನೆಯಿಲ್ಲ, ಗುಡಿಗಾರರಿಗೆ ಅದು ಬೇಕಾಗಿಯೂ ಇಲ್ಲ. ಹತ್ತು ಹದಿನೈದು ವರ್ಷ ಕಳೆದ ಮೇಲೆ ನಡುವಿನಲ್ಲಿ ಚೇಗು ಕಟ್ಟತೊಡಗುತ್ತದೆ. ಕೆತ್ತನೆಗೆ ಒದಗುವಷ್ಟು ಚೇಗು ಸಿಗಬೇಕಾದರೆ ಇನ್ನೂ ಅಷ್ಟೇ ವರ್ಷ ಕಾಯಬೇಕು. ಬರಡು, ಕಲ್ಲು ನೆಲದಲ್ಲಿ ಕಷ್ಟಪಟ್ಟು ಬೆಳೆದ ಮರದ ಚೇಗು ಹೆಚ್ಚು ಬಿಗಿಯೆಂದೂ ನೀರು ಗೊಬ್ಬರ ಉಂಡು ಬೇಗ ಬೆಳೆದದ್ದು ಉಳಿಗೆ ಸೊಪ್ಪಾಗಿ ಸಿಗುತ್ತದೆಂದೂ ಕೆತ್ತುವವರ ನಂಬಿಕೆ.

ಗಂಧವನ್ನು ಕೆತ್ತನೆಗೆ ಹೇಳಿಮಾಡಿಸಿದಂತೆ ಮಾಡಿರುವುದು ಅದರ ವಾಸನೆಯಲ್ಲ, ಒಳರಚನೆ. ತೇಗದ ಹಲಗೆಯನ್ನು ಅಡ್ಡ ಕೊಯ್ದು ನೋಡಿ, ನೀರು ಸಾಗಿಸುವ ನಾಳಗಳ ತೂತುಗಳು ಬರಿಗಣ್ಣಿಗೇ ಕಾಣುತ್ತವೆ. ಗಂಧದಲ್ಲಿ ಆ ತೂತುಗಳು ತೀರಾ ಸಣ್ಣವು, ಎಲ್ಲ ಕಡೆ ಸಮನಾಗಿ ಹರಡಿಕೊಂಡಿರುವಂಥವು. ಹಾಗಾಗಿ ಉಳಿಯ ಬಾಯಿ ಎಳೆಯ ಗುಂಟ ಹೋದರೂ ಎಳೆಗೆ ಅಡ್ಡಲಾಗಿ ಹೋದರೂ ಅಂಚು ಪುಡಿಯಾಗುವುದಿಲ್ಲ. ಅರ್ಧ ಅಂಗುಲದ ಎಲೆಯಲ್ಲಿ ನರ ತೆಗೆಯಬಹುದು, ಆ ಎಲೆಯ ಹಿಂದೆ ಟೊಳ್ಳು ಮಾಡಿ ಬಳ್ಳಿ ಹಾಯಿಸಬಹುದು. ಮರದೊಳಗೇ ಎಣ್ಣೆಯಿರುವುದರಿಂದ ಮೇಲೆ ವಾರ್ನಿಷ್ ಬೇಕಿಲ್ಲ, ಉಜ್ಜಿದಷ್ಟೂ ಮಿನುಗುತ್ತದೆ. ಗೆದ್ದಲು ಹತ್ತಿರ ಸುಳಿಯುವುದಿಲ್ಲ.

ಆದರೆ ತುಂಡು ಕೈಗೆ ಬಂದ ಕೂಡಲೇ ಯಾರೂ ಉಳಿ ಹಚ್ಚುವುದಿಲ್ಲ. ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ವರ್ಷದ ಉಂಗುರದ ಗುಂಟ ಕುಗ್ಗುವುದು, ನಡುವಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಈ ಎಳೆದಾಟದಲ್ಲೇ ಮರ ಬಿರಿಯುವುದು. ಎಂಜಿನಿಯರಿಂಗ್ ಪಠ್ಯದಲ್ಲಿ ಇದಕ್ಕೊಂದು ಅಧ್ಯಾಯವಿದೆ. ಸೊರಬದಲ್ಲಿ ಇದಕ್ಕಿರುವ ಉತ್ತರ ನೆರಳು ಮತ್ತು ತಾಳ್ಮೆ. ತುಂಡಿನ ಎರಡೂ ತುದಿಗೆ ಮೇಣವನ್ನೋ ಸಗಣಿಯನ್ನೋ ಬಳಿದು, ತೇವ ತುದಿಯಿಂದ ಒಮ್ಮೆಗೇ ಓಡಿಹೋಗದಂತೆ ತಡೆದು, ಗಾಳಿ ನೇರವಾಗಿ ಹೊಡೆಯದ ಮೂಲೆಯಲ್ಲಿ ಇಡುತ್ತಾರೆ. ಬಿರಿಯುವುದಿದ್ದರೆ ಈಗಲೇ ಬಿರಿಯಲಿ ಎಂಬ ಲೆಕ್ಕ. ಆರು ತಿಂಗಳು ಕೆತ್ತಿದ ಮೇಲೆ ದೇವಿಯ ಮುಖಕ್ಕೆ ಅಡ್ಡಲಾಗಿ ಗೆರೆ ಮೂಡಿದರೆ ಕೂಲಿಯೂ ಹೋಯಿತು, ಮರವೂ ಹೋಯಿತು.

ಒಣಗಿದ ಮೇಲೆ ಕೀಸುಳಿ ಹಿಡಿದು ಮಟ್ಟ ಮಾಡಿ, ಕಾಗದದ ಮೇಲೆ ಬರೆದ ಚಿತ್ರವನ್ನು ಅಂಟಿಸುತ್ತಾರೆ. ಮೊದಲು ಗೆರೆಗಳ ನಡುವಿನ ಖಾಲಿ ಜಾಗ ತಗ್ಗುತ್ತದೆ, ಆಮೇಲೆ ಆಕೃತಿ ದುಂಡಗಾಗುತ್ತದೆ. ದೊಡ್ಡ ಉಳಿಗೆ ಕೊಡತಿಯ ಏಟು, ಸಣ್ಣದಕ್ಕೆ ಅಂಗೈಯ ಒತ್ತು. ಸಣ್ಣವು ಎಂದರೆ ಕಡ್ಡಿಯ ತುದಿಯಷ್ಟೇ ಬಾಯಿಯವು. ಮಾರುಕಟ್ಟೆಯಲ್ಲಿ ಸಿಗುವುದಿಲ್ಲ, ಹಳೆಯ ಕೊಡೆಯ ಕಡ್ಡಿಯನ್ನೋ ಸೈಕಲ್ ಕಡ್ಡಿಯನ್ನೋ ಮಸೆದು ಮಾಡಿಕೊಂಡವು. ಕೊನೆಯ ನಯಕ್ಕೆ ಈಗ ಮರಳು ಕಾಗದ. ಹಿಂದೆ ಮರಗೆಲಸದವರು ಗರಗತ್ತಿಯ ಒರಟು ಎಲೆಯಿಂದ ಉಜ್ಜುತ್ತಿದ್ದರು. ಕೆಳಗೆ ಹಾಸಿದ ಬಟ್ಟೆಯ ಮೇಲೆ ಬಿದ್ದ ಪುಡಿ, ಸಿಪ್ಪೆ ಒಂದು ಚಿಟಿಕೆಯೂ ಪೋಲಾಗುವುದಿಲ್ಲ. ಅದೂ ತೂಕಕ್ಕೆ ಬರುತ್ತದೆ, ಊದಿನಕಡ್ಡಿಯವರಿಗೆ ಹೋಗುತ್ತದೆ. ಕಿಲೋಗೆ ಸಾವಿರಾರು ರೂಪಾಯಿ ಬೆಲೆಯ ಮರವನ್ನು ಕೊರೆಯುವಾಗ ಕಸ ಎಂಬುದೇ ಇರುವುದಿಲ್ಲ.

ಇನ್ನು ಬೆಂಡು. ಸೊರಬ, ಶಿಕಾರಿಪುರ ಎರಡೂ ಕೆರೆಗಳ ಸೀಮೆ. ಅರೆಮಲೆನಾಡು ಎನ್ನುವ ಈ ಭಾಗದಲ್ಲಿ ಭತ್ತ ನಿಂತಿರುವುದೇ ಸರಪಳಿಗಟ್ಟಿದ ಸಣ್ಣ ಸಣ್ಣ ಕೆರೆಗಳ ಮೇಲೆ. ಅವುಗಳ ಜೌಗಿನ ಅಂಚಿನಲ್ಲಿ ಬೆಂಡಿನ ಗಿಡ ತಾನಾಗಿಯೇ ಏಳುತ್ತದೆ. ತೊಗಟೆ ಹೆರೆದರೆ ಒಳಗೆ ಹಾಲಿನಂಥ ಬಿಳುಪು. ಅಗಲ ಅಲಗಿನ ಹರಿತ ಕತ್ತಿಯಡಿ ದಂಟನ್ನು ಉರುಳಿಸುತ್ತ ಹೋದರೆ ಕಾಗದದಂತೆ ತೆಳ್ಳಗಿನ ಸುರುಳಿ ಬಿಚ್ಚಿಕೊಳ್ಳುತ್ತದೆ. ಕತ್ತಿ ಒಂದಿಷ್ಟು ಮೊಂಡಾದರೂ ಬೆಂಡು ಹರಿಯುತ್ತದೆ, ಕೊಯ್ದುಕೊಳ್ಳುವುದಿಲ್ಲ. ಗಂಧ ಸಹಿಸಿಕೊಳ್ಳುವ ಮೊಂಡುತನವನ್ನು ಬೆಂಡು ಸಹಿಸುವುದಿಲ್ಲ. ಆ ಸುರುಳಿಯನ್ನು ಮಡಚಿ, ಕತ್ತರಿಸಿ, ದಾರ ಕಟ್ಟಿದರೆ ಮಲ್ಲಿಗೆಯ ಮೊಗ್ಗು. ಬಣ್ಣ, ಜರಿ ಹಚ್ಚಿದರೆ ಬಾಸಿಂಗ.

ಬೆಂಡಿನ ತುಂಬ ಇರುವುದು ಗಾಳಿ. ತೆಳುಗೋಡೆಯ ಕೋಶಗಳು ಒಂದರ ಪಕ್ಕ ಒಂದು, ಒಳಗೆಲ್ಲ ಖಾಲಿ. 1665ರಲ್ಲಿ ಲಂಡನ್ನಿನ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಡಿ ಕಾರ್ಕ್ ಮತ್ತು ಗಿಡಗಳ ತಿರುಳನ್ನಿಟ್ಟು ನೋಡಿ ಬೆರಗಾದದ್ದು ಇಂಥದೇ ರಚನೆಗೆ. ಇವತ್ತಿನ ವಸ್ತುವಿಜ್ಞಾನದಲ್ಲಿ ಇಂಥ ಗಾಳಿಭರಿತ ಘನಗಳದೇ ಒಂದು ಶಾಖೆಯಿದೆ. ಆಷ್ಬಿ ಮತ್ತು ಗಿಬ್ಸನ್ 1988ರಲ್ಲಿ ಬರೆದ ಪುಸ್ತಕ ಅದಕ್ಕೆ ಆಧಾರಗ್ರಂಥ. ಮಣ್ಣಲ್ಲಿ ಕರಗುವ, ಥರ್ಮೋಕೋಲಿಗೆ ಬದಲಾಗುವ ಹಗುರ ವಸ್ತು ಬೇಕೆಂದು ಪ್ರಯೋಗಾಲಯಗಳು ಹುಡುಕುತ್ತಿವೆ. ಅದೇ ಹೊತ್ತಿನಲ್ಲಿ ನಮ್ಮ ಮದುವೆ ಮನೆಗಳಲ್ಲಿ ಬೆಂಡಿನ ಬಾಸಿಂಗದ ಜಾಗಕ್ಕೆ ಥರ್ಮೋಕೋಲಿನದು ಬಂದು ಕೂತಿತು, ಮಂಟಪಕ್ಕೂ ಅದೇ. ಅಗ್ಗ, ಅಂಗಡಿಯಲ್ಲಿ ರೆಡಿ ಸಿಗುತ್ತದೆ. ಅಲಂಕಾರದ ಥರ್ಮೋಕೋಲನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿದೆ. ನಿಷೇಧದ ಆದೇಶ ಹೊರಡಿಸಿದವರಾಗಲಿ, ಅದನ್ನು ಸ್ವಾಗತಿಸಿ ವಿಚಾರಗೋಷ್ಠಿ ನಡೆಸಿದವರಾಗಲಿ ಬೆಂಡು ಕೊಯ್ಯುವವರನ್ನು ಕರೆದು ಕೇಳಿದ್ದರೆ ಚೆನ್ನಾಗಿತ್ತು. ಕೆರೆಯ ಅಂಚು ತೋಟವಾಗಿ, ಹೂಳು ತುಂಬಿ, ಗಿಡ ಹುಡುಕಿಕೊಂಡು ದೂರ ಹೋಗಬೇಕಾದ ಕಾಲವಿದು.

ಕೈ ಹೀಗೆ ವಸ್ತುವಿನ ಮನಸ್ಸು ತಿಳಿಯುವುದು ಈ ನೆಲಕ್ಕೆ ಹೊಸತಲ್ಲ. ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ಹೋಗಿ ಕೇದಾರೇಶ್ವರ, ತ್ರಿಪುರಾಂತಕ ಗುಡಿಗಳ ಕಲ್ಲನ್ನು ಮುಟ್ಟಿ ನೋಡಿ. ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ಒಡ್ಡಿಕೊಂಡಂತೆ ಗಡಸು. ಮರದಲ್ಲಿ ಮಾಡಬಹುದಾದ ಸೂಕ್ಷ್ಮವನ್ನು ಕಲ್ಲಿಗೆ ತರಲು ಸಾಧ್ಯವಾದದ್ದು ಇದರಿಂದಲೇ. ಬೇಲೂರಿನ ಮದನಿಕೆಯರನ್ನು ಕಡೆದ ದಾಸೋಜ ಮತ್ತು ಅವನ ಮಗ ಚಾವಣ ಇದೇ ಬಳ್ಳಿಗಾವೆಯವರು. ಇಲ್ಲಿನ ಕೋಡಿಯ ಮಠದ 1162ರ ಶಾಸನ ಅಲ್ಲಿ ಹೇಳಿಕೊಡುತ್ತಿದ್ದ ವ್ಯಾಕರಣಗಳನ್ನೂ ದರ್ಶನಗಳನ್ನೂ ಪುರಾಣ, ಕಾವ್ಯ, ನಾಟಕಗಳನ್ನೂ ಉತ್ಸಾಹದಿಂದ ಪಟ್ಟಿ ಮಾಡುತ್ತದೆ, ಈಗಿನ ಭಾಷೆಯಲ್ಲಿ ಹೇಳುವುದಾದರೆ ವಿಶ್ವವಿದ್ಯಾಲಯವೇ. ಆ ಪಟ್ಟಿಯಲ್ಲಿ ಉಳಿಯ ವಿದ್ಯೆ ನನ್ನ ಕಣ್ಣಿಗೆ ಬೀಳಲಿಲ್ಲ. ದಾಸೋಜ ಮಾತ್ರ ತನ್ನ ಹೆಸರನ್ನು ತಾನೇ ಕಲ್ಲಿನಲ್ಲಿ ಕೊರೆದುಕೊಂಡ.

ವಿಜ್ಞಾನಕ್ಕೂ ಗಂಧಕ್ಕೂ ನಂಟು ಇರಲಿಲ್ಲವೆಂದಲ್ಲ. ಆದರೆ ಆ ನಂಟು ಮೂಗಿನದು. ಟಿಪ್ಪು 1792ರಲ್ಲಿ ಗಂಧವನ್ನು ರಾಜವೃಕ್ಷವೆಂದು ಸಾರಿದ, ಮೈಸೂರು ಅರಸರೂ ಹಾಗೇ ಮುಂದುವರಿಸಿದರು. 1914ರಲ್ಲಿ ಯುದ್ಧ ಶುರುವಾಗಿ ಗಂಧ ಕೊಳ್ಳುತ್ತಿದ್ದ ಜರ್ಮನಿಯ ಬಾಗಿಲು ಮುಚ್ಚಿದಾಗ ಮರ ರಾಶಿಬಿತ್ತು. ಆಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಬಟ್ಟಿ ಇಳಿಸುವ ಕ್ರಮವನ್ನು ರೂಢಿಗೆ ತಂದರು. 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ, ಎರಡು ವರ್ಷದಲ್ಲಿ ಮೈಸೂರ್ ಸ್ಯಾಂಡಲ್ ಸೋಪು, 1944ರಲ್ಲಿ ಶಿವಮೊಗ್ಗದಲ್ಲೂ ಎಣ್ಣೆ ಕಾರ್ಖಾನೆ. ಸಂಶೋಧನೆ ಉದ್ಯಮವಾಗುವುದು ಹೇಗೆಂದು ತೋರಿಸಲು ಇದಕ್ಕಿಂತ ಹಳೆಯ, ಇದಕ್ಕಿಂತ ಒಳ್ಳೆಯ ಕನ್ನಡನಾಡಿನ ಉದಾಹರಣೆ ನನಗೆ ಹೊಳೆಯುವುದಿಲ್ಲ. ಆದರೂ ಅಂದಿನಿಂದ ಗಂಧವೆಂದರೆ ಎಣ್ಣೆಯ ಶೇಕಡಾವಾರು ಎಂಬ ಲೆಕ್ಕ ನಿಂತುಬಿಟ್ಟಿತು. ಕೆತ್ತಬಲ್ಲ ದಿಮ್ಮಿಯೂ ಬಟ್ಟಿಯ ಹಂಡೆಗೇ ಬೀಳತೊಡಗಿತು.

ಆಮೇಲಿನ ಕಥೆ ಎಲ್ಲರಿಗೂ ಗೊತ್ತು. ಸ್ಪೈಕ್ ರೋಗ, ಕಳ್ಳಸಾಗಣೆ, ವೀರಪ್ಪನ್, ಬರಿದಾದ ಕಾಡು. ಮನೆಯ ಹಿತ್ತಲಿನಲ್ಲಿ ಬೆಳೆದ ಗಂಧವೂ ಸರ್ಕಾರದ್ದೇ ಆಗಿದ್ದರಿಂದ ಮೊಳೆತ ಸಸಿಯನ್ನು ಜನರೇ ಕಿತ್ತೆಸೆಯುತ್ತಿದ್ದರು. 2001ರ ಕಾನೂನು ತಿದ್ದುಪಡಿಯಿಂದ ಅದು ಭೂಮಿಯ ಒಡೆಯನದಾಯಿತು, ಕಡಿಯಲು ಸಾಗಿಸಲು ಮಾತ್ರ ಅನುಮತಿ ಬೇಕು. ಗುಡಿಗಾರರಿಗೆ ಸರ್ಕಾರದ ಮೂಲಕ ಸಿಗುವ ಮರಕ್ಕೆ ಅರ್ಜಿ, ಪಾಸು, ತೂಕದ ಲೆಕ್ಕ. ಅವರು ಹಿಂದೆ ಕೆತ್ತುತ್ತಿದ್ದ ಆನೆದಂತ ಕಾನೂನಿನಿಂದಲೇ ಹೋಯಿತು, ಹೋಗಬೇಕಾದದ್ದೇ. ಈಗ ಸೊರಬದ ಬಹುಪಾಲು ಕೆಲಸ ಶಿವನೆ ಮರದಲ್ಲಿ. ಹಳದಿ ಮಿಶ್ರಿತ ಬಿಳುಪು, ಹಗುರ, ಒಮ್ಮೆ ಒಣಗಿದರೆ ಸೊಟ್ಟಗಾಗದ ಸಾಧು ಮರ. ಆದರೆ ಗಂಧದ ಅಂಚು ಅದರಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಬಳ್ಳಿಯೂ ಎಲೆಯೂ ದೊಡ್ಡದಾಗುತ್ತ ಹೋಗಿವೆ. ನಗರದಲ್ಲಿ ಸಿಎನ್‌ಸಿ ಯಂತ್ರ ಅದೇ ಬಳ್ಳಿಯನ್ನು ಗಂಟೆಗಿಷ್ಟು ಎಂದು ಕೊರೆದುಕೊಡುತ್ತದೆ. ಯಂತ್ರದ ಕೆಲಸವನ್ನು ಗುರುತಿಸುವುದು ಕಷ್ಟವಲ್ಲ, ಎಲೆಯ ಹಿಂಬದಿಯಲ್ಲಿ ಬೆರಳಾಡಿಸಿದರೆ ಸಾಕು. ಆದರೆ ಕೊಳ್ಳುವವರು ಹಿಂಬದಿ ನೋಡುವುದಿಲ್ಲ.

ಅಡಿಕೆ ತೋಟದ ಬದುವಿನಲ್ಲಿ ಗಂಧ ನೆಟ್ಟ ರೈತರು ಸೊರಬ, ಶಿಕಾರಿಪುರ ಎರಡೂ ತಾಲ್ಲೂಕುಗಳಲ್ಲಿ ಈಗ ಸಿಗುತ್ತಾರೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇಂಥವರಿಗೆ ತರಬೇತಿ ಕೊಡುತ್ತದೆ. ನಿಂತ ಮರವನ್ನು ಕಡಿಯದೆಯೇ ಕೊರೆಯುವ ಸಾಧನದಿಂದ ಪೆನ್ಸಿಲ್ ಗಾತ್ರದ ತಿರುಳು ತೆಗೆದು, ಚೇಗು ಎಷ್ಟು ಅಗಲ ಕಟ್ಟಿದೆ, ಎಣ್ಣೆ ಎಷ್ಟಿದೆ ಎಂದು ಹೇಳಬಹುದು. ರೈತನಿಗೆ ಬೇಕಾದದ್ದೂ ಅಷ್ಟೇ. ಅದೇ ತಿರುಳಿನಿಂದ ಈ ಮರದ ಎಳೆ ನೇರವೋ ತಿರುಚಿದೆಯೋ, ಎಲೆಯ ನರ ನಿಲ್ಲುತ್ತದೋ ಉದುರುತ್ತದೋ ಎಂದು ಹೇಳುವ ಪರೀಕ್ಷೆಯನ್ನು ಒಬ್ಬ ಸಂಶೋಧಕ ಮತ್ತು ಒಬ್ಬ ಗುಡಿಗಾರ ಒಟ್ಟಿಗೆ ಕೂತರೆ ರೂಪಿಸುವುದು ಅಸಾಧ್ಯವೇನಲ್ಲ. ಕೆತ್ತನೆಗೆ ಒದಗುವ ದಿಮ್ಮಿಯನ್ನು ಹಂಡೆಯಿಂದ ಬೇರೆ ಮಾಡಲು ಆಗ ಒಂದು ದಾಖಲೆಯಾದರೂ ಇರುತ್ತಿತ್ತು. ಕೂರಲು ಗುಡಿಗಾರರಿಗೂ ಪುರುಸೊತ್ತು ಬೇಕಲ್ಲ. ಆಷಾಢ ಕಳೆದರೆ ಸೊರಬದ ಆ ಮಣೆಯಿಂದ ಗಂಧ, ಶಿವನೆ ಎರಡೂ ಒಳಗೆ ಹೋಗುತ್ತವೆ. ಜೇಡಿಮಣ್ಣು ಬರುತ್ತದೆ. ಚೌತಿಯ ಗಣಪತಿಗೆ ಮುಂಗಡ ಕೊಟ್ಟು ಹೋಗುವವರು ಈಗಲೂ ಇದ್ದಾರೆ, ವರ್ಷದಲ್ಲಿ ನೆಚ್ಚಿಕೊಳ್ಳಬಹುದಾದ ವರಮಾನವೆಂದರೆ ಅದು.