ಒಪ್ಪಿಗೆ ಕೇಳದ ಶಸ್ತ್ರಚಿಕಿತ್ಸೆ

ಚಿಕಿತ್ಸೆಯ ಒಳಿತು, ಕೆಡುಕು ಮತ್ತು ಅದಕ್ಕಿರುವ ಬೇರೆ ದಾರಿಗಳನ್ನು ಅರಿತ ವ್ಯಕ್ತಿ ಯಾರ ಒತ್ತಾಯವೂ ಇಲ್ಲದೆ ಕೊಡುವ ಒಪ್ಪಿಗೆಯನ್ನು ವೈದ್ಯಕೀಯ ನೀತಿಶಾಸ್ತ್ರವು ‘ತಿಳಿದು ನೀಡುವ ಸಮ್ಮತಿ’ ಎನ್ನುತ್ತದೆ. ಬೌದ್ಧಿಕ ವಿಕಲತೆಯುಳ್ಳ, ಅಂದರೆ ಕಲಿಕೆ, ತರ್ಕ ಹಾಗೂ ದಿನನಿತ್ಯದ ವ್ಯವಹಾರಗಳಲ್ಲಿ ಬಾಲ್ಯದಿಂದಲೇ ಗಣನೀಯ ಮಿತಿಗಳಿರುವ ಹರೆಯದವರಿಂದ ಇಂಥ ಸಮ್ಮತಿ ಸಾಧ್ಯವೇ ಇಲ್ಲವೆಂದು ಮೊದಲೇ ತೀರ್ಮಾನಿಸಿ, ಹೆತ್ತವರ ಅಥವಾ ವಸತಿನಿಲಯದ ಅಧಿಕಾರಿಯ ಸಹಿಗೇ ತೃಪ್ತರಾಗುವ ರೂಢಿ ಬಹುಕಾಲದಿಂದ ನಡೆದುಬಂದಿದೆ.

ಈ ರೂಢಿ ಎಲ್ಲಿಗೆ ಮುಟ್ಟಬಲ್ಲದೆಂಬುದು 1994ರಲ್ಲಿ ಮಹಾರಾಷ್ಟ್ರದಲ್ಲಿ ಬಯಲಾಯಿತು. ಪುಣೆ ಜಿಲ್ಲೆಯ ಶಿರೂರಿನ ಸರ್ಕಾರಿ ವಸತಿಗೃಹದಲ್ಲಿದ್ದ, ಬೌದ್ಧಿಕ ವಿಕಲತೆಯುಳ್ಳ ಹತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳ ಗರ್ಭಕೋಶವನ್ನು, ಮುಟ್ಟಿನ ದಿನಗಳ ಸ್ವಚ್ಛತೆಯನ್ನು ಅವರು ತಾವೇ ನೋಡಿಕೊಳ್ಳಲಾರರೆಂಬ ಕಾರಣ ನೀಡಿ, ಪುಣೆಯಲ್ಲಿ ತೆಗೆದುಹಾಕಲಾಯಿತು. ಮಹಿಳಾ ಸಂಘಟನೆಗಳ ಪ್ರತಿಭಟನೆಯಿಂದಾಗಿ ಉಳಿದವರ ಶಸ್ತ್ರಚಿಕಿತ್ಸೆ ನಿಂತಿತು. ಇಲ್ಲಿ ಮುಂದಿಟ್ಟ ಕಾರಣ ಕಾಯಿಲೆಯದಲ್ಲ, ಆರೈಕೆಯ ಕಷ್ಟದ್ದು. ನೋಡಿಕೊಳ್ಳುವವರ ಭಾರವನ್ನು ಇಳಿಸಲು ನೋಡಿಸಿಕೊಳ್ಳುವವಳ ದೇಹವನ್ನು ಕೊಯ್ಯುವುದು ಚಿಕಿತ್ಸೆಯೆನಿಸಿಕೊಳ್ಳಲಾರದು. ಇಂಥ ಶಸ್ತ್ರಚಿಕಿತ್ಸೆಗೆ ಒಪ್ಪುವ ತಾಯಿಗೆ ಮಗಳ ಮೇಲೆ ಅತ್ಯಾಚಾರವಾದೀತೆಂಬ ಭಯವಿದ್ದರೆ ಅದು ನಿಜವಾದದ್ದೇ, ಆದರೆ ಗರ್ಭಕೋಶ ತೆಗೆಯುವುದರಿಂದ ಅತ್ಯಾಚಾರ ತಪ್ಪುವುದಿಲ್ಲ, ಗರ್ಭವೆಂಬ ಅದರ ಸುಳಿವು ಮಾತ್ರ ಅಳಿಸುತ್ತದೆ.

ಸಮ್ಮತಿಯ ಈ ಪ್ರಶ್ನೆ ನ್ಯಾಯಾಲಯದ ಮುಂದೆಯೂ ಬಂತು. ಚಂಡೀಗಢದ ಸರ್ಕಾರಿ ಆಶ್ರಯಧಾಮದಲ್ಲಿದ್ದಾಗ ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾಗಿದ್ದ, ಅಲ್ಪ ಪ್ರಮಾಣದ ಬೌದ್ಧಿಕ ವಿಕಲತೆಯ ಯುವತಿಯೊಬ್ಬಳಿಗೆ ಗರ್ಭಪಾತ ಮಾಡಿಸಬೇಕೆಂದು ಹೈಕೋರ್ಟ್ ಆದೇಶಿಸಿದ್ದಾಗ, ಮಗು ಬೇಕೆಂದ ಅವಳ ಮಾತನ್ನು 2009ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಬೌದ್ಧಿಕ ವಿಕಲತೆಯೂ ಮಾನಸಿಕ ಕಾಯಿಲೆಯೂ ಕಾನೂನಿನಲ್ಲಿ ಬೇರೆಬೇರೆ, ಪಾಲಕರ ಒಪ್ಪಿಗೆ ಸಾಲುವುದು ಎರಡನೆಯದರಲ್ಲಿ ಮಾತ್ರ, ಆದ್ದರಿಂದ ವಯಸ್ಕಳಾದ ಅವಳ ಸಮ್ಮತಿಯಿಲ್ಲದೆ ಗರ್ಭಪಾತ ಸಲ್ಲದು ಎಂಬುದು ಆ ತೀರ್ಪಿನ ತಿರುಳು.

ಭಾರತವು 2007ರಲ್ಲಿ ಅಂಗೀಕರಿಸಿದ, ವಿಕಲಚೇತನರ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅನುಸರಿಸಿ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು, ಸಂತಾನಶಕ್ತಿಯನ್ನು ಕಳೆಯುವ ಯಾವುದೇ ಚಿಕಿತ್ಸೆಯನ್ನು ವ್ಯಕ್ತಿಯ ಮುಕ್ತ ಸಮ್ಮತಿಯಿಲ್ಲದೆ ಮಾಡುವಂತಿಲ್ಲವೆಂದು 10ನೇ ಕಲಮಿನಲ್ಲಿ ಹೇಳುತ್ತದೆ. ಅದೇ ಕಾಯ್ದೆಯ ‘ಸೀಮಿತ ಪಾಲಕತ್ವ’ವೆಂದರೆ, ನಿರ್ದಿಷ್ಟ ನಿರ್ಧಾರಕ್ಕೆ, ನಿರ್ದಿಷ್ಟ ಅವಧಿಗೆ ಮಾತ್ರ ನೇಮಕವಾದ ಪಾಲಕರು ವ್ಯಕ್ತಿಯ ಜೊತೆಗೂಡಿ, ಅವರ ಇಚ್ಛೆಗೆ ಅನುಗುಣವಾಗಿ ತೀರ್ಮಾನಿಸುವ ಏರ್ಪಾಡು. ಹದಿನೆಂಟು ತುಂಬದವರ ವಿಷಯದಲ್ಲಿ ಹೆತ್ತವರ ಅಥವಾ ಪಾಲಕರ ಸಹಿ ಬೇಕೇ ಬೇಕು, ಆದರೂ ಚಿತ್ರ ತೋರಿಸಿ, ಸರಳ ಮಾತಿನಲ್ಲಿ, ಅವಸರಪಡಿಸದೆ ಮಗುವಿನ ಮನಸ್ಸನ್ನು ಅರಿಯುವ ಹೊಣೆಯಿಂದ ವೈದ್ಯರಿಗೆ ಬಿಡುಗಡೆಯಿಲ್ಲ. ಗೊಂಬೆಗೆ ಪ್ಯಾಡ್ ತೊಡಿಸಿ ತೋರಿಸುತ್ತ ತಿಂಗಳುಗಟ್ಟಲೆ ರೂಢಿ ಮಾಡಿಸಿದರೆ ಎಷ್ಟೋ ಹುಡುಗಿಯರು ಮುಟ್ಟಿನ ದಿನಗಳನ್ನು ತಾವೇ ನಿಭಾಯಿಸುವುದನ್ನು ಕಲಿಯುತ್ತಾರೆ. ಕಲಿಯಲಾಗದವರಿಗೂ ಸ್ರಾವವನ್ನು ತಗ್ಗಿಸುವ, ಬೇಡವೆನಿಸಿದಾಗ ನಿಲ್ಲಿಸಬಹುದಾದ ಔಷಧಗಳಿವೆ.