‘ಓನ್ಲಿ’ ಎಲ್ಲಿ ಕೂರಬೇಕು?

ಕೆಲವು ವರ್ಷಗಳ ಹಿಂದೆ ಸಸ್ಯಗಳ ಕುರಿತ ಒಂದು ಪಾಠ ಕಾರ್ಯಕ್ರಮವನ್ನು ನಿರ್ಮಿಸಿದ್ದೆ. ಮಾತೆಲ್ಲ ಕನ್ನಡದಲ್ಲಿ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೂ ಅನುಕೂಲವಾಗಲೆಂದು ತೆರೆಯ ಮೇಲೆ ಒಂದೆರಡು ಇಂಗ್ಲಿಷ್ ವಾಕ್ಯಗಳನ್ನು ತೋರಿಸಿದ್ದೆವು. ಅವುಗಳಲ್ಲೊಂದು, ‘ಪ್ಲಾಂಟ್ಸ್ ರೆಸ್ಪೈರ್ ಓನ್ಲಿ ಅಟ್ ನೈಟ್.’ ವಾರದೊಳಗೆ ಪ್ರೌಢಶಾಲೆಯ ಒಬ್ಬ ವಿದ್ಯಾರ್ಥಿನಿಯಿಂದ ಕಾರ್ಡು ಬಂತು: ‘ಹಾಗಾದರೆ ಹಗಲಿನಲ್ಲಿ ಗಿಡಗಳು ಉಸಿರು ಕಟ್ಟಿಕೊಂಡಿರುತ್ತವೆಯೇ ಸಾರ್?’

ಬಿ.ಎಸ್ಸಿ. ಓದಿದ ನನಗೆ ನಿಜಕ್ಕೂ ನಾಚಿಕೆಯಾಯಿತು. ಗಿಡಗಳು ಹಗಲೂ ರಾತ್ರಿಯೂ ಉಸಿರಾಡುತ್ತವೆ. ಬೆಳಕು ಬೇಕಾಗಿರುವುದು ದ್ಯುತಿಸಂಶ್ಲೇಷಣೆಗೆ. ಆದ್ದರಿಂದ ಈ ಎರಡು ಕ್ರಿಯೆಗಳ ಪೈಕಿ ರಾತ್ರಿ ನಡೆಯುವುದು ಉಸಿರಾಟವೊಂದೇ. ನಾವು ಹೇಳಹೊರಟಿದ್ದೂ ಇದನ್ನೇ. ‘ಅಟ್ ನೈಟ್ ಪ್ಲಾಂಟ್ಸ್ ಓನ್ಲಿ ರೆಸ್ಪೈರ್’ ಎಂದು ಬರೆದಿದ್ದರೆ ಸರಿಹೋಗುತ್ತಿತ್ತು. ಪದಗಳು ಅವೇ, ‘ಓನ್ಲಿ’ಯ ಜಾಗ ಮಾತ್ರ ಬೇರೆ. ಕನ್ನಡದಲ್ಲಿ ಹೇಳಿ ನೋಡಿ: ‘ಗಿಡಗಳು ರಾತ್ರಿ ಮಾತ್ರ ಉಸಿರಾಡುತ್ತವೆ’, ‘ಗಿಡಗಳು ರಾತ್ರಿ ಉಸಿರಾಟ ಮಾತ್ರ ನಡೆಸುತ್ತವೆ.’ ಮೊದಲನೆಯದು ತಪ್ಪು ವಿಜ್ಞಾನ, ಎರಡನೆಯದು ಸರಿ.

ಈ ಕ್ರಿಯಾವಿಶೇಷಣದ ಹುಟ್ಟು ಸರಳ. ಹಳೆಯ ಇಂಗ್ಲಿಷಿನಲ್ಲಿ ‘ಒಂದು’ ಎಂಬರ್ಥದ ‘ಆನ್’ ಶಬ್ದಕ್ಕೆ ‘ಲಿಕ್’ ಎಂಬ ಪ್ರತ್ಯಯ ಸೇರಿ ಆದದ್ದು. ಅಂದರೆ ‘ಒನ್’ ಮತ್ತು ‘ಓನ್ಲಿ’ ಒಂದೇ ಬಳ್ಳಿಯವು. ನಮ್ಮ ‘ಒಂದು’, ‘ಒಂದೇ’ ಇದ್ದ ಹಾಗೆ. ಕನ್ನಡದ ‘ಮಾತ್ರ’ ತಾನು ಮಿತಿಗೊಳಿಸುವ ಪದದ ಹಿಂದೆಯೇ ಅಂಟಿಕೊಂಡು ಬರುತ್ತದೆ. ‘ಗೀತಾ ಮಾತ್ರ ನನಗೆ ಸೈಕಲ್ ಕೊಟ್ಟಳು’, ‘ಗೀತಾ ನನಗೆ ಮಾತ್ರ ಸೈಕಲ್ ಕೊಟ್ಟಳು’, ‘ಗೀತಾ ನನಗೆ ಸೈಕಲ್ ಮಾತ್ರ ಕೊಟ್ಟಳು’. ಮೂರರಲ್ಲೂ ಗೊಂದಲವಿಲ್ಲ. ಇಂಗ್ಲಿಷಿನ ‘ಓನ್ಲಿ’ ಸಾಮಾನ್ಯವಾಗಿ ಪದಕ್ಕೆ ಮುಂಚೆ ಬರುತ್ತದೆ. ಜೊತೆಗೆ ಕ್ರಿಯಾಪದದ ಹತ್ತಿರ ಹೋಗಿ ಕುಳಿತುಕೊಳ್ಳುವ ಚಾಳಿಯೂ ಅದಕ್ಕಿದೆ.

‘ಗೀತಾ ಓನ್ಲಿ ಲೆಂಟ್ ಮಿ ಹರ್ ಸೈಕಲ್’ ಎಂದರೆ ಏನರ್ಥ? ಸೈಕಲ್ಲನ್ನು ಎರವಲು ಕೊಟ್ಟಳಷ್ಟೇ, ದಾನ ಮಾಡಲಿಲ್ಲ ಎಂದೇ? ನನಗೊಬ್ಬನಿಗೇ ಕೊಟ್ಟಳೆಂದೇ? ಸೈಕಲ್ ಬಿಟ್ಟು ಬೇರೇನೂ ಕೊಡಲಿಲ್ಲವೆಂದೇ? ಆಡುವಾಗ ಯಾವ ಪದಕ್ಕೆ ಒತ್ತು ಬೀಳುತ್ತದೆಂಬುದರಿಂದ ಕೇಳುವವರಿಗೆ ಅರ್ಥವಾಗಿಬಿಡುತ್ತದೆ. ಸ್ಟುಡಿಯೋದಲ್ಲಿ ನಮಗೆ ಆ ಸೌಕರ್ಯವಿದೆ. ಅಚ್ಚಿನಲ್ಲಿ, ಉತ್ತರಪತ್ರಿಕೆಯಲ್ಲಿ ದನಿಯಿಲ್ಲ. ದನಿಯ ಕೆಲಸವನ್ನು ಜಾಗವೇ ಮಾಡಬೇಕು.

ಹಾಗೆಂದು ಪ್ರತಿಯೊಂದು ‘ಓನ್ಲಿ’ಯನ್ನೂ ಅಳತೆಗೋಲು ಹಿಡಿದು ಸರಿಸಬೇಕೆಂದಲ್ಲ. ತಪ್ಪು ಅರ್ಥ ಹುಟ್ಟದ ಕಡೆ ರೂಢಿಯ ಜಾಗದಲ್ಲೇ ಇರಲಿ ಬಿಡಿ ಎಂದು ಎಚ್. ಡಬ್ಲ್ಯೂ. ಫೌಲರ್ 1926ರ ತಮ್ಮ ಪ್ರಸಿದ್ಧ ಬಳಕೆ ಕೋಶದಲ್ಲಿ ವಾದಿಸಿದ್ದರು. ನನಗೂ ಅದು ಒಪ್ಪಿಗೆ. ಆದರೆ ವಿಜ್ಞಾನ, ಗಣಿತ, ಕಾನೂನುಗಳಲ್ಲಿ ಈ ಧಾರಾಳ ನಡೆಯದು. ಒಂದು ಸಂಖ್ಯೆ 2ರಿಂದ ಭಾಗವಾದರೆ ‘ಮಾತ್ರ’ ಅದು 4ರಿಂದ ಭಾಗವಾದೀತು ಎಂಬುದು ನಿಜ. ‘ಓನ್ಲಿ ಇಫ್’ನಿಂದ ‘ಓನ್ಲಿ’ ತೆಗೆದು ಬರೀ ‘ಇಫ್’ ಉಳಿಸಿದರೆ, 6 ಎಂಬ ಸಂಖ್ಯೆಯೇ ಎದ್ದು ನಿಂತು ಸುಳ್ಳೆನ್ನುತ್ತದೆ. ಇನ್ನು ‘ಇಫ್ ಓನ್ಲಿ’ ಎಂದು ತಿರುಗಿಸಿದರೆ ಅದು ಷರತ್ತೇ ಅಲ್ಲ, ‘ಹಾಗಾಗಿದ್ದರೆ ಎಷ್ಟು ಚೆನ್ನಾಗಿತ್ತು’ ಎಂಬ ನಿಟ್ಟುಸಿರು!

ನಮ್ಮವರದೇ ಆದ ‘ಓನ್ಲಿ’ಯೂ ಒಂದಿದೆ. ‘ಹಿ ಈಸ್ ಲೈಕ್ ದಟ್ ಓನ್ಲಿ’, ‘ಐ ಆಮ್ ಫ್ರಮ್ ಮೈಸೂರ್ ಓನ್ಲಿ’. ‘ಅವನು ಹಾಗೇನೇ’, ‘ನಾನೂ ಮೈಸೂರಿನವನೇ’ ಎಂಬಲ್ಲಿನ ‘ಏ’ಕಾರ ಇಂಗ್ಲಿಷ್ ವೇಷ ಹಾಕಿಕೊಂಡು ಬಂದಿದೆ. ಹಿಂದಿಯವರ ‘ಹೀ’ ಕೂಡ ಇದೇ ದಾರಿ ಹಿಡಿದಿದೆ. ಇಲ್ಲಿ ಮಿತಿಯಿಲ್ಲ, ಇರುವುದು ಒತ್ತು. ನಮ್ಮೊಳಗೆ ಮಾತಾಡುವಾಗ ಇದಕ್ಕೆ ನಗಬೇಕಾಗಿಲ್ಲ. ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ಮಾತ್ರ ಬರೆಯಬೇಡಿ. ಹೊರಗಿನವರು ಇದನ್ನು ‘ಮೈಸೂರು ಬಿಟ್ಟರೆ ಬೇರೆಲ್ಲಿಯವನೂ ಅಲ್ಲ’ ಎಂದು ಓದಿಕೊಂಡಾರು.

ಕೊನೆಯಲ್ಲೇ ಕೂರಬೇಕಾದ ‘ಓನ್ಲಿ’ಯನ್ನು ನೋಡಬೇಕಾದರೆ ಮನೆಯಲ್ಲಿ ಹಿರಿಯರು ಚೆಕ್ ಬರೆಯುವಾಗ ಪಕ್ಕದಲ್ಲಿ ನಿಲ್ಲಿ. ‘ರುಪೀಸ್ ಫೈವ್ ಥೌಸಂಡ್ ಓನ್ಲಿ’ ಎಂದು ಬರೆದು, ಉಳಿದ ಜಾಗಕ್ಕೆ ಗೆರೆ ಎಳೆಯುತ್ತಾರೆ. ಐದು ಸಾವಿರದ ಮುಂದೆ ಯಾರೂ ಇನ್ನೊಂಬೈನೂರು ಸೇರಿಸದಂತೆ ಬಾಗಿಲಿಗೆ ಹಾಕಿದ ಚಿಲಕ ಅದು.